ಸಣ್ಣ ಕಾರಿನ ಸಪ್ಪಳ

ನಮ್ಮ ಮನೆಯಲ್ಲಿ ಮನಸ್ಸುಬಿಚ್ಚಿ ಮಾತಾಡಬೇಕೆಂದರೆ ಕರೆಂಟ್ ಹೋಗಬೇಕಿತ್ತು. ಬನಹಟ್ಟಿಯ ನಮ್ಮ ಓಣಿಯಲ್ಲಿ ಎಲ್ಲ ಮನೆಗಳೂ ಹಾಗೆಯೇ: ಮುಂದಿನ ಅರ್ಧ ಮಗ್ಗಗಳಿಗೆ, ಹಿಂದಿನ ಅರ್ಧ ಮನುಷ್ಯರಿಗೆ. ನಡುವೆ ಒಂದು ಗೋಡೆ ಇದೆ, ಆದರೆ ಸಪ್ಪಳ ಅದನ್ನು ಲೆಕ್ಕಕ್ಕೆ ಇಟ್ಟಿಲ್ಲ. ಪವರ್‌ಲೂಮ್ ಓಡುವಾಗ ಅಡುಗೆಮನೆಯ ಗೋಡೆಯ ಮಾಡದಲ್ಲಿಟ್ಟ ಸ್ಟೀಲ್ ಲೋಟಗಳು ಒಂದಕ್ಕೊಂದು ತಾಗಿ ನಡುಗುತ್ತವೆ, ಹಂಡೆಯ ನೀರಿನ ಮೇಲೆ ಸಣ್ಣ ಸಣ್ಣ ಉಂಗುರಗಳು ಏಳುತ್ತವೆ. ನಾನು ಹುಟ್ಟಿದ್ದು, ಮಗ್ಗಿ ಕಲಿತದ್ದು, ಜ್ವರ ಬಂದಾಗ ಮಲಗಿದ್ದು ಎಲ್ಲ ಆ ಸಪ್ಪಳದೊಳಗೆ. ಮುಂದೆ ಎಂ.ಎಸ್ಸಿ. ಓದಲು ಧಾರವಾಡಕ್ಕೆ ಹೋದಾಗ ಹಾಸ್ಟೆಲ್ಲಿನಲ್ಲಿ ಬಹಳ ದಿನ ನಿದ್ದೆ ಹತ್ತಲಿಲ್ಲ. ಎಲ್ಲೋ ಏನೋ ನಿಂತುಹೋಗಿದೆ, ಯಾರಾದರೂ ಎದ್ದು ನೋಡಬೇಕು ಎಂದು ಕಿವಿ ಕಾಯುತ್ತಲೇ ಇರುತ್ತಿತ್ತು.

ಮಗ್ಗದ ಮನೆಯ ಹೆಂಗಸರು ಕಿವಿಯಿಂದ ಕೇಳುವುದು ಕಡಿಮೆ. ಅವರು ತುಟಿ ನೋಡುತ್ತಾರೆ. ಅವ್ವ ನನ್ನ ಜೊತೆ ಮಾತಾಡುವಾಗ ಅವಳ ಕಣ್ಣು ನನ್ನ ಕಣ್ಣಿನ ಮೇಲಲ್ಲ, ಬಾಯಿಯ ಮೇಲಿರುತ್ತಿತ್ತು. ತುಟಿ ಸಾಲದಿದ್ದರೆ ಕೈಸನ್ನೆ. ಹೆಬ್ಬೆರಳು ಬಾಯಿಯ ಕಡೆ ಹೋದರೆ ಚಹಾ. ಅಂಗೈ ಕೆನ್ನೆಗೆ ಹೋದರೆ ಮಗು ಮಲಗಿದೆ. ಎರಡು ಬೆರಳು ಕತ್ತರಿಯ ಹಾಗೆ ತೆರೆದು ಮುಚ್ಚಿದರೆ ನೂಲು ಹರಿದಿದೆ, ಮಗ್ಗ ನಿಲ್ಲಿಸು. ಈ ಕೊನೆಯ ಸನ್ನೆಗೆ ಯಾರೂ ಯಾಕೆ ಎಂದು ಕೇಳುವುದಿಲ್ಲ. ಕೈ ತಾನಾಗಿ ಮಗ್ಗದ ಹಿಡಿಕೆಗೆ ಹೋಗುತ್ತದೆ.

ಕಾರಿನ ವಿಷಯ ಹೇಳಲು ಇಷ್ಟು ಹೇಳಬೇಕಾಯಿತು.

ಜಮಖಂಡಿಯ ಒಂದು ಕಾಲೇಜಿನಲ್ಲಿ ನನಗೆ ಭೌತಶಾಸ್ತ್ರ ಕಲಿಸುವ ಕೆಲಸ ಸಿಕ್ಕ ಮೇಲೆ, ದಿನವೂ ಹೋಗಿಬರಲು ಸೆಕೆಂಡ್‌ಹ್ಯಾಂಡ್ ಕಾರೊಂದನ್ನು ಕೊಂಡೆ. ಬೂದು ಬಣ್ಣದ ಸಣ್ಣ ಹ್ಯಾಚ್‌ಬ್ಯಾಕ್. ನೋಡಲು ತರಕಾರಿ ತರುವುದಕ್ಕೆ ಹೋಗುವ ಕಾರಿನ ಹಾಗಿದೆ. ಆದರೆ ಕಂಪನಿಯವರು ಅದರ ಚಿಕ್ಕ ಹೊಟ್ಟೆಯಲ್ಲಿ ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಎಂಜಿನ್ ಇಟ್ಟು, ಸ್ಪ್ರಿಂಗ್ ಬಿಗಿ ಮಾಡಿ, ಸ್ಟೀರಿಂಗನ್ನು ಸ್ವಲ್ಪ ಚುರುಕು ಮಾಡಿದ್ದರು. ಇಂಥವನ್ನು ಬಲ್ಲವರು ಹಾಟ್ ಹ್ಯಾಚ್ ಎನ್ನುತ್ತಾರೆ. ನಾನು ಯಾರಿಗೂ ಹಾಗೆ ಹೇಳಲಿಲ್ಲ. ಊರು ದಾಟಿ, ಎರಡೂ ಕಡೆ ಕಬ್ಬು ಎದ್ದು ನಿಂತ ರಸ್ತೆಗೆ ಬಿದ್ದ ಮೇಲೆ, ಎರಡನೇ ಗೇರಿನಿಂದ ಮೂರಕ್ಕೆ ಹೋಗುವಾಗ ಎಂಜಿನ್ ಒಂದು ಕ್ಷಣ ಉಸಿರು ಒಳಗೆಳೆದುಕೊಳ್ಳುತ್ತದೆ. ಆಮೇಲೆ ಬೆನ್ನಿಗೆ ಯಾರೋ ಅಂಗೈ ಇಟ್ಟು ಮೆಲ್ಲಗೆ ತಳ್ಳಿದ ಹಾಗೆ. ಆ ಕ್ಷಣ ಮತ್ತು ಆ ಅಂಗೈ ನನ್ನವು. ಮನೆಯಲ್ಲೂ ಕಾಲೇಜಿನಲ್ಲೂ ನನ್ನದೆನ್ನುವುದು ಬೇರೆ ಹೆಚ್ಚೇನಿರಲಿಲ್ಲ, ಬೇಕೆಂದೂ ಅನಿಸಿರಲಿಲ್ಲ.

ತಿಂಗಳಿಗೊಂದು ಭಾನುವಾರ ಅವ್ವ ನನ್ನ ಜೊತೆ ಬರತೊಡಗಿದಳು. ಅವಳ ತವರು ಬೀಳಗಿಯ ಕಡೆ. ತವರೂರು ಈಗ ಇಲ್ಲ, ಆಲಮಟ್ಟಿಯ ಹಿನ್ನೀರಿನ ಕೆಳಗಿದೆ. ಅಲ್ಲಿಯವರಿಗೆ ಎತ್ತರದಲ್ಲಿ ಪುನರ್ವಸತಿ ಕೇಂದ್ರ ಕಟ್ಟಿಕೊಟ್ಟಿದ್ದಾರೆ. ನನ್ನ ಸೋದರಮಾವ ಅಲ್ಲಿ, ಅಳತೆ ಹಿಡಿದು ಎಳೆದಂಥ ನೆಟ್ಟಗಿನ ಬೀದಿಯೊಂದರಲ್ಲಿ ಇದ್ದಾನೆ. ಮೊದಲ ಸಲ ಕಾರಿನಲ್ಲಿ ಕೂತ ಅವ್ವ, ಜಮಖಂಡಿ ದಾಟಿದ ಮೇಲೆ, ಮಗ್ಗದ ಮನೆಯಲ್ಲಿ ಕೂಗುವ ಹಾಗೆಯೇ ಕೂಗಿದಳು.

“ಮಾವಗ ಫೋನ್ ಹಚ್ಚಿದ್ದೇನು ಬೇ!”

ಕಿಟಕಿಗಳು ಮುಚ್ಚಿದ್ದವು. ಅವಳ ದನಿ ಅಷ್ಟು ಸಣ್ಣ ಜಾಗದಲ್ಲಿ ಅವಳಿಗೇ ತಿರುಗಿ ಬಡಿಯಿತು. ಬೆಚ್ಚಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

“ಅಯ್ಯ, ನಾ ಇಷ್ಟ ಒದರ್ತೀನೇನು?”

“ಹೂಂ.”

“ಮತ್ತ ಒಬ್ರರ ಹೇಳಬಾರದ?”

“ನಾವೂ ಎಲ್ಲಾರೂ ಒದರ್ತೀವಲ್ಲವ್ವ,” ಎಂದೆ. ಅವಳು ನಕ್ಕಳು. ಆಮೇಲೆ ಏನೋ ಹೇಳಿದಳು, ಬೇರೆಯೇ ದನಿಯಲ್ಲಿ. ಅವ್ವನಿಗೆ ಒಂದು ಮೆಲುದನಿ ಇದೆ ಎಂದು ನನಗೆ ಗೊತ್ತಾದದ್ದು ಆ ದಿನ. ತುಸು ಒಡೆದ, ತುಸು ಎಳೆಯ ದನಿ. ಬಹಳ ದಿನ ಪೆಟ್ಟಿಗೆಯಲ್ಲಿ ಮಡಿಸಿಟ್ಟಿದ್ದ ಸೀರೆಯ ಹಾಗೆ ಮಡಿಕೆಯ ಗೆರೆಗಳು ಇನ್ನೂ ಉಳಿದಿದ್ದವು.

ಆ ದನಿಯಲ್ಲಿ ಅವಳು ತನ್ನ ಊರನ್ನು ಹೇಳತೊಡಗಿದಳು. ಕಥೆಯನ್ನಲ್ಲ, ಊರನ್ನು. ಹೊಳೆಯ ಕಡೆಯಿಂದ ಏರಿ ಬರುವವರು ನೋಡುವ ಹಾಗೆ, ಒಂದೊಂದೇ ಮನೆ.

“ಹೊಳಿಯಿಂದ ಕೊಡಾ ಹೊತ್ಕೊಂಡು ಏರಿ ಬಂದ್ರ, ಮೊದಲ ಕಾಲಿಗೆ ಹತ್ತೋದು ಬೀರೇಶ್ವರ ಗುಡಿ ಕಟ್ಟಿ. ಅದರ ಮ್ಯಾಲ ಕಂಬಳಿ ಹಾಸಿ ಕುರುಬರ ಹಿರ್ಯಾರು ಕುಂತಿರ್ತಿದ್ರು. ಅಲ್ಲಿ ಕೊಡಾ ಇಳಿಸಿ ಒಂದೀಟ ದಮ್ಮ ತಗೋಬೇಕು. ತಗೊಂಡ್ರ, ಎಡಕ್ಕ ಒಂದ ಸಂದಿ.”

ಆ ದಿನ ಆ ಸಂದಿಯ ತನಕ ಬಂದಳು, ಅಷ್ಟರಲ್ಲಿ ಮಾವನ ಮನೆ ಬಂತು. ಮುಂದಿನ ತಿಂಗಳು ಸಂದಿಯಿಂದ ಶುರು. ಅವಳು ಯಾವ ಮನೆಯನ್ನೂ ಬಿಡುತ್ತಿರಲಿಲ್ಲ. ಬಾಗಿಲು ಯಾವ ಕಡೆಗೆ, ಮುಂದೆ ಏನಿತ್ತು, ಒಳಗಿನಿಂದ ಯಾವ ವಾಸನೆ ಬರುತ್ತಿತ್ತು, ಆ ಮನೆಯವರು ಇವಳನ್ನು ಏನೆಂದು ಕರೆಯುತ್ತಿದ್ದರು, ಎಲ್ಲ ಹೇಳುವಳು. ಒಮ್ಮೆ ನಾನು ತಡೆಯಲಾರದೆ ಕೇಳಿದೆ:

“ನಿಮ್ಮ ಮನಿ ಹೆಂಗಿತ್ತವ್ವ?”

“ತಡಿ ಬೇ. ಅಲ್ಲೀ ತನಕ ಇನ್ನ ಹೋಗೇ ಇಲ್ಲ.”

ಮಾವನ ಮನೆಯಲ್ಲಿ ಈ ಮಾತು ಬರುತ್ತಿರಲಿಲ್ಲ. ನಮ್ಮ ಮನೆಯಲ್ಲಂತೂ ಸಾಧ್ಯವಿರಲಿಲ್ಲ. ಕರೆಂಟ್ ಹೋದ ಸಣ್ಣ ಹೊತ್ತಿನಲ್ಲಿ ಮಾತಾಡಲು ನೂಲಿನ ದರ, ಯಾರದೋ ಬಾಣಂತನ, ಕಿರಾಣಿ ಎಂದು ಎಷ್ಟೊಂದು ಇರುತ್ತವೆ. ಮುಳುಗಿದ ಆ ಊರು ನಡೆದಾಡಲು ಇದ್ದ ಜಾಗ ಒಂದೇ, ನನ್ನ ಕಾರಿನ ಮುಂದಿನ ಎರಡು ಸೀಟುಗಳ ನಡುವೆ. ಇದನ್ನು ಈಗ ಇಷ್ಟು ಸ್ಪಷ್ಟವಾಗಿ ಬರೆಯುತ್ತಿದ್ದೇನೆ. ಆಗ ನನಗೆ ಇದು ಕೇವಲ ಒಂದು ಹಿತವಾದ ಭಾನುವಾರವಾಗಿತ್ತು.

ಆಗ ನನ್ನ ತಲೆಯಲ್ಲಿ ತುಂಬಿದ್ದು ಬೇರೆ.

ಕಬ್ಬಿನ ಸೀಜನ್ನಿನಲ್ಲಿ ನಮ್ಮ ರಸ್ತೆಗಳಲ್ಲಿ ಕಾರು ಓಡಿಸಿದವರಿಗೆ ವೇಗ ಎಂದರೆ ಏನೆಂದು ಗೊತ್ತಿದೆ. ಅದು ಮೀಟರಿನ ಕೊನೆಯ ಅಂಕಿಯಲ್ಲ. ಮುಂದೆ ಒಂದು ಟ್ರ್ಯಾಕ್ಟರ್, ಅದಕ್ಕೆ ಎರಡು ಟ್ರೇಲರ್, ಎರಡರ ಮೇಲೂ ರಸ್ತೆಯ ಅಗಲಕ್ಕೆ ಚಾಚಿದ ಕಬ್ಬು. ಟ್ರ್ಯಾಕ್ಟರಿನ ಹಾಡು ಹೊಲದ ಆ ಕಡೆಯವರಿಗೂ ಕೇಳುತ್ತದೆ, ಹಿಂದಿನ ಹಾರ್ನ್ ಮಾತ್ರ ಟ್ರ್ಯಾಕ್ಟರಿನವನಿಗೆ ಕೇಳುವುದಿಲ್ಲ. ಎದುರಿನ ರಸ್ತೆ ಖಾಲಿಯಾಗುವುದು ಕಣ್ಣು ಮಿಟುಕಿಸಿದಷ್ಟು ಹೊತ್ತು. ಅಷ್ಟರಲ್ಲಿ ಅದನ್ನು ದಾಟುವ ಬಲ ಇದ್ದರೆ ಇದೆ, ಇಲ್ಲದಿದ್ದರೆ ಸಮೀರವಾಡಿಯ ಸಕ್ಕರೆ ಕಾರ್ಖಾನೆಯ ತನಕ ಕಬ್ಬಿನ ಗರಿ ನೋಡುತ್ತ ಹೋಗಬೇಕು. ನನ್ನ ಕಾರಿಗೆ ಬಲ ಇತ್ತು. ಆದರೆ ಒಳಗೆಳೆದುಕೊಳ್ಳುವ ಆ ಉಸಿರು ಕೆಲವೊಮ್ಮೆ ಒಂದು ಕ್ಷಣ ತಡವಾಗುತ್ತಿತ್ತು. ಆ ಒಂದು ಕ್ಷಣವನ್ನು ಹೇಗೆ ಅಳಿಸುವುದು ಎಂಬುದು ನನ್ನ ಹಗಲುಗನಸಾಯಿತು. ಪರೀಕ್ಷೆಯ ಕೋಣೆಯಲ್ಲಿ ಮಕ್ಕಳು ತಲೆ ತಗ್ಗಿಸಿ ಬರೆಯುತ್ತಿದ್ದರೆ ನಾನು ಕಿಟಕಿಯಾಚೆ ನೋಡುತ್ತ ಟಾರ್ಕಿನ, ಎಂದರೆ ಚಕ್ರ ತಿರುಗಿಸುವ ಬಲದ, ರೇಖೆ ಎಲ್ಲಿಂದ ಏರಬೇಕು ಎಂದು ಗಾಳಿಯಲ್ಲಿ ಎಳೆಯುತ್ತಿದ್ದೆ.

ಅಣ್ಣನಿಗೆ ಒಂದೇ ಉತ್ತರ ಗೊತ್ತಿತ್ತು. ಮನೆಯ ಮಗ್ಗಗಳನ್ನು ಈಗ ನಡೆಸುವವನು ಅವನು. ಒಂದು ಕಾಲಕ್ಕೆ ಹಳೆಯ ಮಗ್ಗಗಳು ಜೋರಾಗಿ ಓಡಲೆಂದು ಮೋಟರಿಗೆ ದೊಡ್ಡ ಪುಲ್ಲಿ ಹಾಕಿಸಿದ್ದ. ಮಗ್ಗ ಓಡಿತು, ನೂಲು ತಾಳಲಿಲ್ಲ. ಅದಾದ ಮೇಲೆ ಅವನ ಬಾಯಲ್ಲಿ ಅದೇ ವೇದಾಂತ.

“ಏ ತಂಗಿ, ನಿನ್ನ ಗಾಡಿಗೆ ದೊಡ್ಡ ಪುಲ್ಲಿ ಹಾಕ್ಬ್ಯಾಡ. ನೂಲು ಹರಿತೈತಿ.”

“ಕಾರಿಗೆ ನೂಲು ಇರಂಗಿಲ್ಲಣ್ಣ.”

“ಎಲ್ಲಾಕ್ಕೂ ಒಂದ ನೂಲು ಇರ್ತೈತಿ. ಮಾರು ಅದನ್ನ. ಓಡೋ ಗಾಡಿನ ತಗೋ. ಕುದ್ರಿ ಬೇಕಂದ್ರ ಕುದ್ರಿ ತರಬೇಕು, ಕತ್ತಿಗೆ ಜೀನಾ ಬಿಗದ್ರ ಆತೇನು?”

“ಇದು ಕತ್ತಿ ಅಲ್ಲ.”

“ಹೌದವಾ, ಪಟ್ಟದ ಆನಿ,” ಎಂದು ನಗುತ್ತ ಹೋದ.

ಅವನ ಮಾತಿನಲ್ಲಿ ತರ್ಕವಿತ್ತು. ದೊಡ್ಡ ಎಂಜಿನ್ನಿನ ಕಾರು ಯಾವ ಒದ್ದಾಟವೂ ಇಲ್ಲದೆ ಮಾಡುವ ಕೆಲಸವನ್ನು ಸಣ್ಣದರಿಂದ ಮಾಡಿಸಲು ಹೊರಟರೆ, ಒಂದು ಬಿಗಿ ಮಾಡಿದ ಮೇಲೆ ಇನ್ನೊಂದು ಸಡಿಲವಾಗಿ ಕಾಣುತ್ತದೆ. ಆದರೂ ನನಗೆ ಈ ಕಾರೇ ಬೇಕಿತ್ತು. ಇದರ ಉದ್ದ ನನ್ನ ಮೈಗೆ ಗೊತ್ತು. ರಬಕವಿಯ ಇಕ್ಕಟ್ಟಿನ ತಿರುವಿನಲ್ಲಿ ಹಿಂದಿನ ಚಕ್ರ ಎಲ್ಲಿದೆ ಎಂದು ಕನ್ನಡಿ ನೋಡದೆ ಹೇಳಬಲ್ಲೆ. ವೇಗದ ಕಾರು ಎಷ್ಟೇ ಒಳ್ಳೆಯದಾದರೂ ಪರಿಚಯವಿಲ್ಲದ್ದು. ಇದು ಮಾತ್ರ, ಇದೇ ಆಗಿ ಉಳಿದು, ಸ್ವಲ್ಪ ಹೆಚ್ಚು ಇದಾಗಬೇಕಿತ್ತು.

ಜಮಖಂಡಿಯಲ್ಲಿ ಮುಧೋಳ ರಸ್ತೆಗೆ ಒಂದು ಗ್ಯಾರೇಜಿದೆ. ಅದನ್ನು ನಡೆಸುವವನು ಕೊಲ್ಲಾಪುರದಲ್ಲಿ ಕೆಲಸ ಕಲಿತು ಬಂದವನು. ಲ್ಯಾಪ್‌ಟಾಪ್ ಹಚ್ಚಿ ಎಂಜಿನ್ನಿನ ಕಂಪ್ಯೂಟರಿಗೆ ಹೊಸ ಮ್ಯಾಪ್ ಹಾಕಿದ. ಎಷ್ಟು ಗಾಳಿಗೆ ಎಷ್ಟು ಪೆಟ್ರೋಲು, ಯಾವಾಗ ಕಿಡಿ, ಟರ್ಬೊ ಎಷ್ಟು ಒತ್ತಬೇಕು ಎಂಬ ಲೆಕ್ಕವೇ ಮ್ಯಾಪ್. ಬ್ರೇಕಿನ ಪ್ಯಾಡ್‌ಗಳನ್ನೂ ಬದಲಿಸಿದ. ಆ ಒಂದು ಕ್ಷಣದ ತಡ ಹೋಯಿತು. ಅಲ್ಲಿಗೆ ನಿಲ್ಲಿಸಬಹುದಿತ್ತು.

“ಒಳಗ ತಗೊಳ್ಳೋ ಉಸರ ಹೆಚ್ಚಾತಂದ್ರ ಹೊರಗ ಬಿಡೋದೂ ಸಲೀಸ ಆಗಬೇಕಲ್ರಿ ಮೇಡಂ,” ಎಂದ ಅವನು. ಸರಿ ಎನಿಸಿತು. ದಪ್ಪ ಕೊಳವೆಯ ಸೈಲೆನ್ಸರ್ ಹಾಕಿಸಿದೆ. ಕೆಲಸ ಮುಗಿದ ಮೇಲೆ ಒಂದು ಸುತ್ತು ಹೋಗಿ ಬಂದೆವು. ಅವನು ನನ್ನ ಮುಖ ನೋಡಿದ.

“ಸಪ್ಪಳ ಭಾಳ ಆತೇನ್ರಿ?”

“ಇಲ್ಲಲ್ಲ,” ಎಂದೆ.

“ಖರೇನ ಇಲ್ರಿ?”

“ಇಲ್ರಿ.”

ಅವನು ಕೈ ಒರೆಸಿಕೊಂಡ. “ನಿಮಗ ಇಲ್ಲಂದ್ರ ಇಲ್ಲ ಬಿಡ್ರಿ.”

ನಾನು ಸುಳ್ಳು ಹೇಳಿರಲಿಲ್ಲ. ನನಗೆ ನಿಜವಾಗಿಯೂ ಸಪ್ಪಳ ಕೇಳಲಿಲ್ಲ. ನಡುವೇಗದಲ್ಲಿ, ಮೇಲಿನ ಗೇರಿನಲ್ಲಿ, ಕಾರಿನ ಒಳಗೆಲ್ಲ ಒಂದು ದಪ್ಪನೆಯ ಗುಂಯ್‌ಕಾರ ತುಂಬಿಕೊಳ್ಳುತ್ತಿತ್ತು. ಸೀಟಿನ ಬೆನ್ನು ಸಣ್ಣಗೆ ನಡುಗುತ್ತಿತ್ತು, ನೀರಿನ ಬಾಟಲಿಯಲ್ಲಿ ಉಂಗುರಗಳು ಏಳುತ್ತಿದ್ದವು. ನನ್ನ ಕಿವಿಗೆ ಅದು ಶಾಂತಿ. ಗೋಡೆಯಾಚೆ ಮಗ್ಗಗಳು ಓಡುತ್ತಿವೆ, ಎಲ್ಲ ಸರಿಯಾಗಿದೆ, ಮಲಗಬಹುದು ಎನ್ನುವಂಥ ಶಾಂತಿ. ಬೆಳಗಿನ ಮಂಜಿನಲ್ಲಿ ಕಬ್ಬಿನ ನಡುವೆ ಹೋಗುವಾಗ, ಬೆಲ್ಲದ ಗಾಣದ ಹೊಗೆ ರಸ್ತೆಗೆ ಅಡ್ಡ ಮಲಗಿರುವಾಗ, ಕೌದಿ ಹೊದ್ದುಕೊಂಡು ಎಲ್ಲೋ ತೇಲುತ್ತಿದ್ದೇನೆ ಎನಿಸುತ್ತಿತ್ತು. ಕಾಲೇಜಿನ ಸಹೋದ್ಯೋಗಿ ಒಬ್ಬಳು, “ನೀವು ಊರು ಬಿಟ್ಟದ್ದು ಇಲ್ಲಿ ಗೇಟಿಗೇ ಗೊತ್ತಾಗ್ತೈತಿ ನೋಡ್ರಿ,” ಎಂದಳು. ಅವಳದು ಯಾವಾಗಲೂ ಒಂದಕ್ಕೆ ಎರಡು ಎಂದುಕೊಂಡೆ. ಶಬ್ದದ ಪಾಠವನ್ನು ಅದೇ ವಾರ ಎರಡನೇ ವರ್ಷದವರಿಗೆ ಮುಗಿಸಿದ್ದೆ.

ಆಮೇಲಿನ ಭಾನುವಾರ ಅವ್ವ ಬಂದು ಕೂತಳು. ಹಿಂದಿನ ಸಲ ಅವಳು ಒಂದು ಬೇವಿನ ಗಿಡದ ತನಕ ಬಂದಿದ್ದಳು. ಅದರ ಬುಡದಲ್ಲಿ ಒಬ್ಬ ಮುದುಕಿ ಕೂತು ದಿನವೆಲ್ಲ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತಿದ್ದಳಂತೆ. ಜಮಖಂಡಿ ದಾಟಿತು. ಅವಳು ಏನೋ ಅಂದಳು, ನಾನು ಹೂಂ ಎಂದೆ. ಮತ್ತೆ ಏನೋ ಅಂದಳು. ನಾನು ರಸ್ತೆ ನೋಡುತ್ತಲೇ “ಏನಂದಿ?” ಎಂದೆ. ಅವಳು ಸೀಟಿನಲ್ಲಿ ಪೂರ್ತಿ ನನ್ನ ಕಡೆ ತಿರುಗಿ ಕೂತಿದ್ದಳು.

“ಮಾರಿ ಈ ಕಡೆ ಮಾಡಿ ಮಾತಾಡು ಬೇ.”

“ಗಾಡಿ ಹೊಡಿಯೋವಾಗ ಮಾರಿ ಆ ಕಡೆ ಹೆಂಗ ಮಾಡ್ಲವ್ವ?”

“ಅದೂ ಖರೆ,” ಎಂದು ಮತ್ತೆ ಮುಂದಕ್ಕೆ ತಿರುಗಿದಳು. ಆಮೇಲೆ ಬೀಳಗಿ ಬರುವ ತನಕ ಕಣ್ಣು ಮುಚ್ಚಿಕೊಂಡಿದ್ದಳು. ಬೇವಿನ ಗಿಡದ ಮುಂದಕ್ಕೆ ಊರು ಹೋಗಲಿಲ್ಲ.

ವೇಗಕ್ಕೆ ಹೆದರಿದಳು ಎಂದು ನಾನು ತಿಳಿದೆ. ಮುಂದಿನ ಸಲ ನಿಧಾನಕ್ಕೆ, ಮೇಲಿನ ಗೇರಿನಲ್ಲಿ, ಸಮನಾಗಿ ಓಡಿಸಿದೆ. ಗುಂಯ್‌ಕಾರ ಎಲ್ಲಕ್ಕಿಂತ ದಟ್ಟವಾಗುವ ವೇಗ ಅದೇ ಆಗಿತ್ತು. ಅವ್ವ ಬಾಯಿ ತೆರೆಯಲಿಲ್ಲ. ಅದರ ಮುಂದಿನ ತಿಂಗಳು, ಸೋದರಮಾವನ ಮನೆಗೆ ಬಸ್ಸಿನಲ್ಲಿ ಹೋಗುತ್ತೇನೆ, ನಿನಗೆ ಯಾಕೆ ತ್ರಾಸು ಎಂದಳು. ಹೋಗಿಯೂ ಬಿಟ್ಟಳು. ನಾನು ಆ ಭಾನುವಾರ ಒಬ್ಬಳೇ ಕಾರು ತೊಳೆದೆ. ಅವಳ ಸೀಟಿನ ಕೆಳಗೆ ಒಂದು ಹೇರ್‌ಪಿನ್ ಸಿಕ್ಕಿತು. ಅದನ್ನು ಡ್ಯಾಶ್‌ಬೋರ್ಡಿನ ಮೇಲೆ ಇಟ್ಟೆ, ಬಿಸಿಲಿಗೆ ಅದು ಮಿನುಗುತ್ತ ಇತ್ತು.

“ನಾ ಏನ್ ಹೇಳಿದ್ದೆ?” ಎಂದ ಅಣ್ಣ. “ಗಾಡಿ ಬಿಗಿ ಆತು, ಅವ್ವನ ನಡಾ ಹಿಡೀತು. ಮುಧೋಳದಾಗ ಒಂದ ಗಾಡಿ ಐತಿ. ಕುಂತು ನೋಡು, ಆಮ್ಯಾಲ ಮಾತಾಡು.”

ಮೂವರೂ ನನ್ನ ಕಾರಿನಲ್ಲೇ ಮುಧೋಳಕ್ಕೆ ಹೋದೆವು. ಮಾರುವವರು ಕಬ್ಬು ಸಾಗಿಸುವ ಗುತ್ತಿಗೆದಾರರು. ಅಂಗಳದಲ್ಲಿ ಉದ್ದನೆಯ ಬಿಳಿ ಕಾರು. ಅದರ ನೆರಳಿನಲ್ಲಿ ಅವರ ಬೇಟೆ ನಾಯಿ, ಕಾಲು ಚಾಚಿ, ಪಕ್ಕೆಲುಬು ಎಣಿಸುವಂತೆ ಮಲಗಿತ್ತು.

“ನಮ್ಮ ಗಾಡಿ ಅಂದ್ರ ನಮ್ಮ ನಾಯಿ ಇದ್ದಂಗರಿ,” ಎಂದರು ಅವರು. “ಮಲಗಿದ್ರ ಐತೋ ಇಲ್ಲೋ ಗೊತ್ತಾಗಂಗಿಲ್ಲ. ಎದ್ದ್ರ ಕಣ್ಣಿಗೆ ಹತ್ತಂಗಿಲ್ಲ. ಅಕ್ಕಾರ, ಮಹಾಲಿಂಗಪುರ ತನಕ ಹೊಡ್ಕೊಂಡು ಬರ್ರಿ. ನಿಮ್ಮ ಅಣ್ಣನ್ನ ಇಲ್ಲೇ ಅಡಾ ಇಟ್ಕೊಂಡಿರ್ತೀನಿ.”

“ಅಂವನ್ನ ಇಟ್ಕೊಂಡ್ರ ನಿಮಗ ಲುಕ್ಸಾನಾರಿ,” ಎಂದಳು ಅವ್ವ. ಎಲ್ಲರೂ ನಕ್ಕರು. ಅಣ್ಣ ಚಹಾಕ್ಕೆ ಕೂತ. ಅವ್ವ ನನ್ನ ಪಕ್ಕಕ್ಕೆ ಬಂದಳು.

ಆ ಕಾರಿನಲ್ಲಿ ಒಳ್ಳೆಯದಲ್ಲದ್ದು ಒಂದೂ ಇರಲಿಲ್ಲ. ಪಾದ ಇಟ್ಟರೆ ಸಾಕು, ಕಬ್ಬಿನ ಟ್ರ್ಯಾಕ್ಟರುಗಳು ನಿಂತ ಗುಡಿಸಲುಗಳ ಹಾಗೆ ಹಿಂದೆ ಸರಿದವು. ಒಳಗೆ ಟೈರಿನ ಸದ್ದು ಕೂಡ ಇಲ್ಲ, ಗಾಜಿನಾಚೆ ಲೋಕ ಬಾಯಿ ಮಾತ್ರ ಆಡಿಸುತ್ತಿತ್ತು. ಊರು ದಾಟಿ ಸ್ವಲ್ಪ ಹೊತ್ತಾಗಿರಲಿಲ್ಲ, ಆ ಒಡೆದ ಎಳೆಯ ದನಿ ಕೇಳಿತು.

“ಆ ಬೇವಿನ ಗಿಡಾ ದಾಟಿದ್ರ ಒಂದ ಬಾವಿ. ನೀರು ಸವಳು, ಕುಡ್ಯಾಕ ಬರಂಗಿಲ್ಲ. ಅರಬಿ ಒಗ್ಯಾಕಷ್ಟ. ಅದರ ದಂಡಿಗೆ ನಮ್ಮ ಕಾಕಾನ ಮನಿ. ಕಾಕಾನ ಮನಿ ಕಟ್ಟಿ ಮ್ಯಾಲ ನಿಂತ್ರ…”

ಮಹಾಲಿಂಗಪುರ ಬಂದುಬಿಟ್ಟಿತು. ಬಸ್ ಸ್ಟ್ಯಾಂಡಿನ ಗದ್ದಲ, ಅಡ್ಡ ನಿಂತ ಬೆಲ್ಲದ ಗಾಡಿಗಳು.

“ಇಷ್ಟ ಲಗೂ ಬಂತಾ?” ಎಂದಳು ಅವ್ವ. ಕಟ್ಟೆಯ ಮೇಲೆ ನಿಂತರೆ ಏನು ಕಾಣುತ್ತದೆ ಎಂದು ಹೇಳಲಿಲ್ಲ. ಗದ್ದಲದ ಊರುಗಳಲ್ಲಿ ಅವಳು ತನ್ನ ಊರನ್ನು ಹೇಳುವುದಿಲ್ಲ. ತಿರುಗಿ ಬರುವಾಗ, ಇನ್ನೊಮ್ಮೆ ಶುರು ಮಾಡುವಷ್ಟು ದಾರಿಯೇ ಇರಲಿಲ್ಲ ಎನ್ನುವ ಹಾಗೆ, ಮುಧೋಳವೂ ಬಂತು.

ಆದರೂ ಅವಳು ಮಾತಾಡಿದ್ದಳು. ಮೆತ್ತನೆಯ ಸೀಟಿಗೆ ಅವಳ ಸೊಂಟ ಹಗುರಾಗಿರಬೇಕು ಎಂದುಕೊಂಡೆ. ಅಣ್ಣ ಹೇಳಿದ್ದೇ ಸರಿ. ಬಿಳಿ ಕಾರಿನ ಮೂತಿ ನೋಡುತ್ತ, ನನ್ನ ಬೂದು ಕಾರನ್ನು ಇನ್ನೊಬ್ಬರು ಓಡಿಸುವುದನ್ನು ಮನಸ್ಸಿನಲ್ಲಿ ಒಮ್ಮೆ ನೋಡಿದೆ. ಯಾರೋ ನನ್ನ ತಿರುವಿನಲ್ಲಿ ನನ್ನ ಗೇರು ಹಾಕುತ್ತಿದ್ದರು.  ಆದರೂ ಅಣ್ಣನಿಗೆ, “ವಿಚಾರ ಮಾಡೂಣು,” ಎಂದೆ. ನನ್ನ ಬಾಯಲ್ಲಿ ಅದು ಹೂಂ ಎಂದ ಹಾಗೆ ಎಂದು ಅವನಿಗೆ ಗೊತ್ತು. ಗುತ್ತಿಗೆದಾರರ ಕಡೆ ನೋಡಿ ತಲೆಯಾಡಿಸಿದ.

ಮನೆಯ ಕಡೆ ನನ್ನ ಕಾರಿನಲ್ಲಿ ಹೊರಟೆವು. ಅಣ್ಣ ಹಿಂದಿನ ಸೀಟಿನಲ್ಲಿ ಕೂತ ಸ್ವಲ್ಪ ಹೊತ್ತಿಗೇ ಬಾಯಿ ತೆರೆದು ನಿದ್ದೆ ಹೋದ. ಮಧ್ಯಾಹ್ನದ ಬಿಸಿಲು ಕಬ್ಬಿನ ಮೇಲೆ ಅಲುಗದೆ ನಿಂತಿತ್ತು. ಗುಂಯ್‌ಕಾರ ಸಮನಾಗಿ ಹರಿಯುತ್ತಿತ್ತು. ನನ್ನ ಕಣ್ಣು ರಸ್ತೆಯ ಮೇಲೆ, ಮನಸ್ಸು ಎಲ್ಲೋ.

ನನ್ನ ಮುಖದ ಮುಂದೆ ಒಂದು ಕೈ ಬಂತು. ಎರಡು ಬೆರಳು ಕತ್ತರಿಯ ಹಾಗೆ ತೆರೆದವು, ಮುಚ್ಚಿದವು.

ನಾನು ಯೋಚಿಸಲಿಲ್ಲ. ಕೈಕಾಲು ತಾವಾಗಿ ಮಾಡಿದವು. ಕಾರು ರಸ್ತೆ ಬಿಟ್ಟು ಮಣ್ಣಿಗಿಳಿದು ನಿಂತಿತು, ಬೆರಳು ಕೀಲಿಯನ್ನು ತಿರುಗಿಸಿತು. ಮಗ್ಗ ನಿಲ್ಲಿಸಿದ ಹಾಗೆ ಎಂಜಿನ್ ನಿಲ್ಲಿಸಿದೆ.

ಅವ್ವ ಬಾಗಿಲು ತೆರೆದಳು. ಅವಳ ಸೆರಗಿನ ತುದಿ ಬಾಗಿಲಿಗೆ ಸಿಕ್ಕಿ, ಮುಧೋಳದಿಂದಲೂ ಹೊರಗೆ ಹಾರುತ್ತ ಬಂದಿತ್ತು. ಒಳಗೆಳೆದುಕೊಂಡು ಧೂಳು ಕೊಡವಿದಳು. ಅಂಚಿನ ಒಂದೆರಡು ಎಳೆ ಕಿತ್ತಿದ್ದವು. ಅವನ್ನು ಬೆರಳಿನಿಂದ ಹೊಸೆದು ಒಳಗೆ ಸೇರಿಸುತ್ತ, “ಎರಡ ಸಲ ನಿಂದ್ರಸು ಅಂದೆ,” ಎಂದಳು. ಸಿಟ್ಟಿಲ್ಲದೆ, ಸುಮ್ಮನೆ.

ನನಗೆ ಕೇಳಿರಲಿಲ್ಲ. ಒಂದು ಮೊಳ ದೂರದಲ್ಲಿ ಕೂತವಳ ಮಾತು.

ಹಿಂದಿನ ಸೀಟಿನಲ್ಲಿ ಅಣ್ಣ ದಡಕ್ಕನೆ ಎದ್ದು ಕೂತ. ಕಣ್ಣು ಇನ್ನೂ ತೆರೆದಿರಲಿಲ್ಲ.

“ಕರೆಂಟ ಹೋತಾ?”

ಅವ್ವ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಇಬ್ಬರಿಗೂ ನಗು ತಡೆಯಲಿಲ್ಲ. ಅವಳು ಕಣ್ಣು ಒರೆಸಿಕೊಳ್ಳುವಷ್ಟು ನಕ್ಕಳು. ಅಣ್ಣ, “ಯಾಕ? ಏನಾತು? ಯಾಕ ನಗಾಕತ್ತೀರಿ?” ಎಂದು ಇಬ್ಬರನ್ನೂ ನೋಡುತ್ತಿದ್ದ. ನಗು ನಿಂತ ಮೇಲೆ ಕಬ್ಬಿನ ಗರಿಗಳ ಸರಸರ ಕೇಳಿತು. ಎಲ್ಲೋ ಒಂದು ಹಕ್ಕಿ. ಅಷ್ಟೇ.

“ಇದರಾಗ ಕುಂತ್ರ ಮಗ್ಗದ ಮನ್ಯಾಗ ಕುಂತಂಗ ಆಕ್ಕೈತಿ ಬೇ,” ಎಂದಳು ಅವ್ವ, ಆ ಮೆಲುದನಿಯಲ್ಲಿ. “ಮೊದಲ ಹಿಂಗ ಇರ್ಲಿಲ್ಲ. ಒಂದೀಟ ಹೊತ್ತು ಕಿವಿಗೆ ಆರಾಮ ಇರ್ತಿತ್ತು.”

“ಮತ್ತ ಅವತ್ತ ಯಾಕ ಹೇಳ್ಲಿಲ್ಲ?”

“ನೀ ಖುಷಿಲೆ ಇದ್ದಿ.”

ನನಗೆ ಮನೆಯ ಹಾಗೆ ಕೇಳಿದ್ದು ಅವಳಿಗೂ ಮನೆಯ ಹಾಗೆಯೇ ಕೇಳಿತ್ತು. ಅದಕ್ಕೇ ನಾನು ಅದನ್ನು ಪ್ರೀತಿಸಿದೆ, ಅದಕ್ಕೇ ಅವಳು ಬಸ್ಸು ಹತ್ತಿದಳು. 

ಮರುದಿನ ಕಾಲೇಜು ಮುಗಿಸಿ ಗ್ಯಾರೇಜಿಗೆ ಹೋದೆ. ಹಳೆಯ ಸೈಲೆನ್ಸರನ್ನು ಅವನು ಅಟ್ಟದ ಮೇಲೆ ಎಸೆದಿದ್ದ.

“ಮೇಡಂ, ಎಲ್ಲಾರೂ ಸಪ್ಪಳ ಹಚ್ಚಿಸ್ಕೊಳ್ಳಾಕ ಬರ್ತಾರ. ಬಿಚ್ಚಿಸ್ಕೊಳ್ಳಾಕ ಬಂದವ್ರು ನೀವೊಬ್ರ ನೋಡ್ರಿ. ಮ್ಯಾಪೂ ತಗೀಲೇನು?”

“ಬ್ಯಾಡ. ಅದು ಇರ್ಲಿ.”

“ಹಳೇ ಸೈಲೆನ್ಸರ್‌ಗೆ ಅಷ್ಟು ಪವರ್ ಬರಂಗಿಲ್ರಿ.”

“ಬಂದಷ್ಟ ಬರ್ಲಿ. ಬಾಗಲದ ರಬ್ಬರ್ ಪಟ್ಟಿನೂ ಹೊಸಾವು ಹಾಕ್ರಿ. ಗಾಳಿ ಸದ್ದೂ ಒಳಗ ಬರಬಾರದು.”

ಹಾಗೆ ನನ್ನ ಕಾರಿಗೆ ಇನ್ನೊಂದು ಮಾರ್ಪಾಡಾಯಿತು. ಹಾಟ್ ಹ್ಯಾಚ್ ಇಟ್ಟುಕೊಂಡವರು ಯಾರೂ ಇದನ್ನು ಮಾಡಿಸಿಕೊಂಡಿರಲಿಕ್ಕಿಲ್ಲ. ಹಿಂದಿನ ಬಾಗಿಲುಗಳ ಒಳಗೂ ಸದ್ದು ಹೀರುವ ದಪ್ಪ ಹಾಳೆ ಹಾಕಿಸಿದೆ. ಅದರ ತೂಕಕ್ಕೆ ಕಾರು ಸ್ವಲ್ಪ ನಿಧಾನವಾಗುತ್ತದೆ ಎಂದು ಗೊತ್ತಿತ್ತು.

ಅಣ್ಣ ಕೆಲವು ದಿನ ಕೆಂಡವಾಗಿದ್ದ. “ಆ ಮುಧೋಳದಾಂವ ದಿನಾ ಫೋನ್ ಮಾಡಾಕತ್ತಾನ. ಏನ್ ಹೇಳ್ಲಿ?”

“ನಾಯಿ ಛಲೋ ಐತಿ ಅಂತ ಹೇಳು,” ಎಂದಳು ಅವ್ವ ಹಿಟ್ಟು ನಾದುತ್ತ. ಮಗ್ಗಗಳು ಓಡುತ್ತಿದ್ದವು. ಅವಳು ಅಂದದ್ದನ್ನು ನಾನು ಅವಳ ತುಟಿಯಲ್ಲಿ ಓದಿದೆ.

ಅಣ್ಣನ ತರ್ಕ ಇಂದಿಗೂ ತಪ್ಪಲ್ಲ. ಬಿಳಿ ಕಾರು ವೇಗವಾಗಿತ್ತು, ಸದ್ದಿಲ್ಲದ್ದೂ ಆಗಿತ್ತು. ಆದರೆ ಅದು ದಾರಿಯನ್ನು ಬಹಳ ಬೇಗ ಮುಗಿಸಿಬಿಡುತ್ತಿತ್ತು. ಇಷ್ಟ ಲಗೂ ಬಂತಾ ಎಂದು ಅವ್ವ ಕೇಳಿದ ರೀತಿ ನನಗೆ ಮರೆಯಲಿಲ್ಲ.

ಮತ್ತೊಂದು ಸೀಜನ್ ಶುರುವಾದಾಗ, ಒಂದು ಭಾನುವಾರ ಬೆಳಿಗ್ಗೆ, ನಾವಿಬ್ಬರೂ ಬೀಳಗಿ ರಸ್ತೆಯಲ್ಲಿದ್ದೆವು. ಕಾಕಾನ ಕಟ್ಟೆಯ ಮೇಲೆ ನಿಂತರೆ ಏನು ಕಾಣುತ್ತದೆ ಎಂದು ಅವಳು ಅಷ್ಟರಲ್ಲಿ ಹೇಳಿಯಾಗಿತ್ತು: ತನ್ನ ಮನೆಯ ಮಾಳಿಗೆ, ಅದರ ಮೇಲೆ ಒಣಗಲು ಹಾಕಿದ ಬಣ್ಣದ ನೂಲಿನ ಲಡಿಗಳು. ಆಮೇಲೆ ಒಂದು ತಿಂಗಳು ಮೆಟ್ಟಿಲು. ಇನ್ನೊಂದು ತಿಂಗಳು, ಬಾಗಿಲ ಪಕ್ಕದ ಗೋಡೆಯಲ್ಲಿ ದೀಪ ಇಡುವ ಗೂಡು, ಅದರ ಮಸಿ.

ಮುಂದೆ ಕಬ್ಬಿನ ಟ್ರ್ಯಾಕ್ಟರ್ ಹೋಗುತ್ತಿತ್ತು. ಹಾಡು ಇತ್ತು, ಆದರೆ ನಮ್ಮ ಕಿಟಕಿಯ ಹೊರಗೆ, ದೂರದ ಜಾತ್ರೆಯ ಹಾಗೆ. ಗರಿಗಳು ಗಾಜಿನ ಮುಂದೆ ತೂಗುತ್ತಿದ್ದವು. ಎಳೆ ಬಿಸಿಲು ಅವುಗಳ ನಡುವಿನಿಂದ ಬಂದು ಅವ್ವನ ಮಡಿಲಿನಲ್ಲಿ ಬಿದ್ದು ಏಳುತ್ತಿತ್ತು.

“ಹೊಸ್ತಲಾ ಎತ್ತರ,” ಎಂದಳು ಅವಳು. “ಸಣ್ಣಾಕಿದ್ದಾಗ ಎರಡೂ ಕೈ ಊರಿ ದಾಟ್ತಿದ್ದೆ. ಅದರ ನಡುವ ಸವದು ಸವದು ಬಟ್ಟಲದಂಗ ಆಗಿತ್ತು. ಮಳಿ ಹನಿ ಬಿದ್ರ ಅಲ್ಲೇ ನಿಂದ್ರೋದು.”

ಎದುರಿನ ರಸ್ತೆ ಖಾಲಿಯಾಯಿತು. ಪೂರ್ತಿ ಖಾಲಿ, ತಿರುವಿನ ತನಕ. ನನ್ನ ಬಲಗಾಲಿಗೆ ಅದು ಗೊತ್ತಾಯಿತು. ಮೂರನೇ ಗೇರು, ಒಂದು ಉಸಿರು, ತಡವೇ ಇಲ್ಲದ ಆ ಅಂಗೈ. ಎಲ್ಲ ಅಲ್ಲೇ ಇತ್ತು, ಮುಟ್ಟುವಷ್ಟು ಹತ್ತಿರ. ಕಾರು ಕೂಡ ಕಾಯುತ್ತಿತ್ತು. ನಾನು ಟ್ರ್ಯಾಕ್ಟರಿನ ಹಿಂದೆಯೇ ಉಳಿದೆ.

ಅವ್ವನೂ ರಸ್ತೆ ನೋಡಿದಳು. ಇಷ್ಟು ದಿನಗಳಲ್ಲಿ ಅವಳಿಗೂ ಲೆಕ್ಕ ಗೊತ್ತಾಗಿತ್ತು.

“ಯಾಕ ಬೇ, ಜಾಗಾ ಐತಲ್ಲ. ಹೊಡಿ.”

“ನೀ ಮೊದಲ ಒಳಗ ಹೋಗು,” ಎಂದೆ.

ಅವಳು ನನ್ನನ್ನು ನೋಡಿದಳು. ಬಾಯಿಯನ್ನಲ್ಲ, ಕಣ್ಣನ್ನು. ಆಮೇಲೆ ಮುಂದಕ್ಕೆ ತಿರುಗಿ, ಸೀರೆಯ ನಿರಿಗೆಯನ್ನು ತುಸು ಎತ್ತಿ ಹಿಡಿದಳು, ಎತ್ತರದ ಹೊಸ್ತಿಲನ್ನು ದಾಟುವವರ ಹಾಗೆ.

“ಒಳಗ ಕತ್ತಲಿ ಐತಿ,” ಎಂದಳು. “ಬಿಸಲಾಗಿಂದ ಬಂದವ್ರಿಗೆ ಮೊದಲ ಏನೂ ಕಾಣಂಗಿಲ್ಲ. ಒಂದೀಟ ನಿಂದರಬೇಕು.”

ಆ ಕತ್ತಲೆಯಲ್ಲಿ, ಹೊಸ್ತಿಲಿನ ಒಳಗೆ, ಇಬ್ಬರೂ ನಿಂತೆವು. ಟ್ರ್ಯಾಕ್ಟರ್ ಮುಂದೆ ತನ್ನ ಪಾಡಿಗೆ ತೂಗುತ್ತ ಹೋಗುತ್ತಿತ್ತು.